ಬಳಪದ ಕಲ್ಲೂ ಭಾವಮೈದುನನ ಗೇರ್‌ಬಾಕ್ಸೂ

ಒಬ್ಬ ಮನುಷ್ಯ ಜೋಡಿಸಿದ್ದನ್ನು ಇನ್ನೊಬ್ಬ ಮನುಷ್ಯ ಬಿಚ್ಚಬಲ್ಲ. ಆ ಇನ್ನೊಬ್ಬ ಎಂ.ಎ. ಮಾಡಿದವನಾದರೆ ಕೇಳುವುದೇ ಬೇಡ. ಇಂಥದ್ದೊಂದು ದೃಢವಾದ ನಂಬಿಕೆಯಿಂದ ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಹಳೇಬೀಡಿನ ನಮ್ಮ ಮನೆಯ ಅಂಗಳದಲ್ಲಿ ಕಾರಿನ ಗೇರ್‌ಬಾಕ್ಸ್ ಇಳಿಸಲು ನಾನು ಮುಂದಾದೆ. ಮುಂದಾದೆ ಎಂದರೆ ಮುಂದೆ ನಿಂತೆ. ಕೆಳಗೆ ಮಲಗಿದವನು ನನ್ನ ಹೆಂಡತಿ ಭಾಗ್ಯಳ ತಮ್ಮ ಲೋಕೇಶ.

ನಾನು ಬೇಲೂರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಹೊಯ್ಸಳರ ಬಗ್ಗೆ ಕೇಳಿದರೆ ಎರಡು ಗಂಟೆ ಹೇಳಬಲ್ಲೆ, ಕೇಳದಿದ್ದರೆ ಮೂರು ಗಂಟೆ. ಕಾರಿನ ಬಗ್ಗೆ ನನಗಿದ್ದ ತಿಳಿವಳಿಕೆಯೆಂದರೆ ಮೊಬೈಲಿನಲ್ಲಿ ನೋಡಿದ ಏಳು ವೀಡಿಯೊ. ಏಳನ್ನೂ ನೋಡಿ, ಸಾರವನ್ನು ತೆಗೆದು, ಒಂದು ಹಾಳೆಯಲ್ಲಿ ಹದಿನಾಲ್ಕು ಅಂಶಗಳಾಗಿ ಬರೆದುಕೊಂಡಿದ್ದೆ. ಅಕ್ಷರ ದುಂಡಾಗಿತ್ತು. ಮುಖ್ಯವಾದ ಕಡೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಹಾಳೆ ಈಗಲೂ ನನ್ನ ಹತ್ತಿರ ಇದೆ.

ಲೋಕೇಶ ಅರಸೀಕೆರೆಯವನು. ಅವನದು ಅವರಪ್ಪನಿಂದ ಬಂದ ಹಳೆಯ ಕಾರು. ಎಂಜಿನ್ ಮುಂದೆ, ಅದರ ಹಿಂದೆ ಗೇರ್‌ಬಾಕ್ಸು, ಅಲ್ಲಿಂದ ಒಂದು ಉದ್ದನೆಯ ಶಾಫ್ಟು ಹೋಗಿ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾಲದ್ದು. ಅದರ ಮೇಲೆ ಲೋಕೇಶನಿಗೆ ವಿಪರೀತ ಪ್ರೀತಿ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಕಂಪನಿಯ ಪೈಪನ್ನು ಕಿತ್ತುಹಾಕಿಸಿ, ಅದರ ಜಾಗದಲ್ಲಿ ಹೆಡ್ಡರ್ ಎನ್ನುವ ನಾಲ್ಕು ಬಾಯಿಯ ಹೊಳೆಯುವ ಪೈಪು ಹಾಕಿಸಿದ್ದ. ಅದರಿಂದ ಕಾರಿನ ವೇಗ ಎಷ್ಟು ಹೆಚ್ಚಿತೋ ಗೊತ್ತಿಲ್ಲ. ಸದ್ದಂತೂ ಹುಲಿಕೆರೆ ದಾಟುವಾಗಲೇ ನಮ್ಮ ಮನೆಗೆ ಕೇಳಿಸುತ್ತಿತ್ತು. ಭಾಗ್ಯ ಅಷ್ಟರಲ್ಲಿ ಕಾಫಿಗೆ ಹಾಲಿಡುತ್ತಿದ್ದಳು.

ಹಿಂದಿನ ದಿನ ಶನಿವಾರ ಅವನು ಬಂದದ್ದು ಮುಂದಿನ ವಾರದ ಭಾನುವಾರದ ವಿಚಾರ ಮಾತಾಡಲು. ಅವನ ಹೆಂಡತಿ ಕಾವ್ಯಳಿಗೆ ಎಂಟನೇ ತಿಂಗಳು. ಸೀಮಂತ ನಮ್ಮ ಮನೆಯಲ್ಲೇ ಎಂದು ಗೊತ್ತಾಗಿತ್ತು. ಸೀಮಂತ ಮುಗಿಸಿ ಅವಳನ್ನು ಅದೇ ಕಾರಿನಲ್ಲಿ ಅರೇಹಳ್ಳಿಯ ತವರಿಗೆ ಬಿಟ್ಟು ಬರಬೇಕು. ಬೇರೆ ಕಾರು ಬೇಡ, ನಮ್ಮಪ್ಪನ ಕಾರಲ್ಲೇ ಹೋಗಬೇಕು ಎನ್ನುವುದು ಲೋಕೇಶನ ಹಟ. ಆದರೆ ಕಾರು ನಮ್ಮ ಬೀದಿಗೆ ಬರುವ ಹೊತ್ತಿಗೆ ಕ್ಲಚ್ ಪ್ಲೇಟ್ ಸವೆದು ಹೋಗಿ, ಎಷ್ಟು ಗರ್ಜಿಸಿದರೂ ಮುಂದಕ್ಕೆ ಹೋಗಲೊಲ್ಲದಾಯಿತು. ನಾವಿಬ್ಬರೂ ಅಂಗಳಕ್ಕೆ ತಳ್ಳಿ ತಂದು, ಮೂತಿ ಮನೆಯ ಕಡೆ ಮಾಡಿ ನಿಲ್ಲಿಸಿದೆವು. ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಮಳೆ ನೀರು ಹರಿದು ಹೋಗಲಿ ಎಂದು ನಾನೇ ಹೇಳಿ ಮಾಡಿಸಿದ್ದು.

ಮೆಕ್ಯಾನಿಕ್ ನಯಾಜ್ ಬಂದು ಕೆಳಗೆ ಬಗ್ಗಿ ನೋಡಿದ. ಎದ್ದವನು ಪ್ಯಾಂಟಿನ ಧೂಳು ಕೊಡವಿಕೊಂಡು ಹೇಳಿದ.

"ಸಾರ್, ಕ್ಲಚ್ ಪ್ಲೇಟ್ ಹಾಕ್ಬೇಕು ಅಂದ್ರೆ ಗೇರ್‌ಬಾಕ್ಸ್ ಇಳಿಸ್ಬೇಕು. ಈ ಪೈಪ್ ಬಿಚ್ಚದೆ ಗೇರ್‌ಬಾಕ್ಸ್ ಬರಲ್ಲ. ಪೈಪಿನ ಬೋಲ್ಟ್ ತುಕ್ಕು ಹಿಡಿದೈತೆ, ಕಾಯಿಸಿ ಬಿಚ್ಬೇಕು. ಬುಧವಾರ ಎಳ್ಕೊಂಡು ಹೋಗ್ತೀನಿ, ಶುಕ್ರವಾರ ಕೊಡ್ತೀನಿ. ಅಲ್ಲೀಗಂಟ ಯಾರೂ ಕೈ ಹಾಕ್ಬೇಡಿ."

ಈಗ ಯೋಚಿಸಿದರೆ, ಭಾನುವಾರದ ಸೀಮಂತಕ್ಕೆ ಶುಕ್ರವಾರ ಬರುವ ಕಾರು ಸಾಕಾಗಿತ್ತು. ಅಂಗಳದಲ್ಲಿದ್ದ ನಮ್ಮ ಮೂವರಲ್ಲಿ ಇದು ಹೊಳೆದದ್ದು ಭಾಗ್ಯಳಿಗೆ ಮಾತ್ರ. ಲೋಕೇಶನಿಗೆ ಪೈಪಿಗೆ ತುಕ್ಕು ಹಿಡಿದಿದೆ ಎಂಬ ಮಾತೇ ನುಂಗಲಾಗಲಿಲ್ಲ. ನನಗೆ "ಯಾರೂ ಕೈ ಹಾಕ್ಬೇಡಿ" ಎನ್ನುವಾಗ ನಯಾಜ್ ನನ್ನನ್ನೇ ನೋಡಿದ್ದು ನುಂಗಲಾಗಲಿಲ್ಲ. ಆ ರಾತ್ರಿಯೇ ಏಳು ವೀಡಿಯೊ ನೋಡಿದ್ದು.

ಕಾರನ್ನು ಎತ್ತರಿಸಿ ನಿಲ್ಲಿಸಲು ವೀಡಿಯೊದಲ್ಲಿ ಕಬ್ಬಿಣದ ಸ್ಟ್ಯಾಂಡ್ ಇಟ್ಟಿದ್ದರು. ನಮ್ಮಲ್ಲಿ ಇರಲಿಲ್ಲ. ಆದರೆ ಪಕ್ಕದ ಮನೆ ಬಸವಾಚಾರ್ರದು. ಅವರು ಪ್ರವಾಸಿಗರಿಗೆ ಮಾರುವ ಗಣೇಶ, ಆನೆಗಳನ್ನು ಕೆತ್ತುವವರು. ಅವರ ಕೊಟ್ಟಿಗೆಯಲ್ಲಿ ಗರಗಸದಿಂದ ಕೊಯ್ದ ಬಳಪದ ಕಲ್ಲಿನ ಚೌಕಗಳು ಒಂದರ ಮೇಲೊಂದು ಕೂತಿದ್ದವು. ಹೊಯ್ಸಳರು ಗುಡಿ ಕಟ್ಟಿದ ಅದೇ ಜಾತಿಯ ಕಲ್ಲು. ನನ್ನ ತಲೆಯಲ್ಲಿ ಬೆಳಕು ಹೊತ್ತಿಕೊಂಡಿತು. ಗೇಟು ದಾಟಿ ಹೋಗಿ ನಾಲ್ಕು ಕಲ್ಲು ಬೇಕು ಎಂದೆ, ಯಾಕೆ ಎಂದೂ ಹೇಳಿದೆ. ಆಚಾರ್ರು ಉಳಿ ಕೆಳಗಿಟ್ಟರು.

"ಮೇಷ್ಟ್ರೇ, ಇದು ಮೆತ್ತನ್ ಕಲ್ಲು. ಉಗುರಲ್ಲಿ ಗೀರಿದ್ರೂ ಗೆರೆ ಬೀಳ್ತೈತೆ. ಜಾರ್ತೈತೆ ಬೇರೆ."

ನಾನು ಅವರಿಗೆ ಪಾಠ ಮಾಡಿದೆ. ನಲವತ್ತು ವರ್ಷದಿಂದ ಆ ಕಲ್ಲು ಕಡೆಯುತ್ತಿರುವ ಮನುಷ್ಯನಿಗೆ, ಅವರ ಕೊಟ್ಟಿಗೆಯಲ್ಲೇ ನಿಂತು, ಬಳಪದ ಕಲ್ಲಿನ ಗುಣಧರ್ಮಗಳು ಎಂಬ ವಿಷಯವಾಗಿ. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ, ನಿಮ್ಮ ಕಲ್ಲು ಮೂರು ವರ್ಷ ಗಾಳಿ ಕುಡಿದಿದೆ, ಇಷ್ಟು ಶತಮಾನದಿಂದ ಅಷ್ಟು ದೊಡ್ಡ ಗುಡಿಯನ್ನು ಹೊತ್ತ ಕಲ್ಲು ಲೋಕೇಶನ ಕಾರು ಹೊರಲಾರದೆ ಎಂದೆಲ್ಲ ಕೇಳಿದೆ. ಆಚಾರ್ರು ಪೂರ್ತಿ ಕೇಳಿಸಿಕೊಂಡರು.

"ಗುಡಿಗೆ ಗಾಲಿ ಇಲ್ವಲ್ಲ ಮೇಷ್ಟ್ರೇ" ಅಂದರು.

ತಮಾಷೆ ಎಂದುಕೊಂಡು ನಕ್ಕುಬಿಟ್ಟೆ. ಕಲ್ಲು ಹೊತ್ತು ತಂದೆವು. ಅಂಗೈಯೆಲ್ಲ ಬೆಳ್ಳಗೆ ನುಣ್ಣಗಾಯಿತು. ಮುಖಕ್ಕೆ ಹಚ್ಚುವ ಪೌಡರನ್ನು ಮಾಡುವುದೂ ಇದೇ ಜಾತಿಯ ಕಲ್ಲಿನಿಂದ ಎಂದು ಲೋಕೇಶನಿಗೆ ನಾನೇ ವಿವರಿಸಿದೆ. ಆ ಪೌಡರಿನ ಮೇಲೇ ಕಾರು ನಿಲ್ಲಿಸಿ ಅದರ ಕೆಳಗೆ ಅವನನ್ನು ಮಲಗಿಸಲು ಹೊರಟಿದ್ದೇನೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಕೆಲಸ ಶುರುವಾಯಿತು. ಮೊದಲನೆಯ ಅಂಶ: ಕಾರನ್ನು ಒಂದನೇ ಗೇರಿಗೆ ಹಾಕುವುದು. ಆ ಕಾರಿನ ಹ್ಯಾಂಡ್‌ಬ್ರೇಕಿನ ವೈರು ಎಂದೋ ಕಿತ್ತು ಹೋಗಿತ್ತು, ಲೋಕೇಶ ಯಾವಾಗಲೂ ಗೇರಿನಲ್ಲೇ ನಿಲ್ಲಿಸುತ್ತಿದ್ದ. ಹಿಂದಿನ ಚಕ್ರಕ್ಕೆ ಕಲ್ಲು ಕೊಡೋಣವೇ ಎಂದು ಅವನು ಕೇಳಿದ. ಗೇರಿನಲ್ಲಿದೆಯಲ್ಲ, ಇನ್ನೇಕೆ ಎಂದೆ. ಜಾಕಿ ಕೊಟ್ಟು ಮುಂಭಾಗ ಎತ್ತಿದೆವು, ಎರಡೂ ಕಡೆ ಎರಡೆರಡು ಕಲ್ಲು ಪೇರಿಸಿ ಅದರ ಮೇಲೆ ಕಾರನ್ನು ಇಳಿಸಿದೆವು. ಮುಂದಿನ ಎರಡೂ ಚಕ್ರ ಬಿಚ್ಚಿ ಅಕ್ಕಪಕ್ಕ ಮಲಗಿಸಿದೆವು. ಜಾಕಿಯನ್ನು ನಾನು ಒರೆಸಿ ಡಿಕ್ಕಿಯಲ್ಲಿಟ್ಟೆ. "ಬಳಸಿದ ಸಾಮಾನನ್ನು ಅದರ ಜಾಗದಲ್ಲೇ ಇಡುವುದು" ಎನ್ನುವುದು ನಾಲ್ಕನೆಯ ಅಂಶ. ಯಾವ ವೀಡಿಯೊದಲ್ಲೂ ಇರಲಿಲ್ಲ, ನನ್ನದೇ ಸೇರ್ಪಡೆ.

ಆರನೆಯ ಅಂಶ: ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಬಿಚ್ಚುವುದು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಕಾರು ಗೇರಿನಲ್ಲಿದ್ದರೆ ಅದನ್ನು ಹಿಡಿದು ನಿಲ್ಲಿಸುವುದು ಗೇರ್‌ಬಾಕ್ಸು. ಗೇರ್‌ಬಾಕ್ಸಿಗೂ ಹಿಂದಿನ ಚಕ್ರಕ್ಕೂ ಇರುವ ಒಂದೇ ಸಂಬಂಧ ಆ ಶಾಫ್ಟು. ಶಾಫ್ಟು ಬಿಚ್ಚಿದ ಮೇಲೆ ಗೇರ್‌ಬಾಕ್ಸು ಯಾವ ಗೇರಿನಲ್ಲಿದ್ದರೇನು, ಚಕ್ರ ಅದರ ಮಾತು ಕೇಳುವುದಿಲ್ಲ. ಕಾರು ಸ್ವತಂತ್ರ. ಇಪ್ಪತ್ತು ವರ್ಷದಿಂದ ನಾನು ಮಕ್ಕಳಿಗೆ "ಕಾರಣಗಳು ಮತ್ತು ಪರಿಣಾಮಗಳು" ಬರೆಸುತ್ತ ಬಂದಿದ್ದೇನೆ. ನನ್ನದೇ ಹಾಳೆಯಲ್ಲಿ ಒಂದಕ್ಕೂ ಆರಕ್ಕೂ ನಡುವೆ ಇದ್ದದ್ದು ನಾಲ್ಕು ಸಾಲು. ನನಗೆ ಕಾಣಲಿಲ್ಲ.

ಶಾಫ್ಟು ಈಚೆಗೆ ಬಂತು. ಅದರ ಹಿಂದೆಯೇ ಗೇರ್‌ಬಾಕ್ಸಿನ ಎಣ್ಣೆಯೂ ಬಂತು. ಮೂತಿ ಮೇಲಿದ್ದುದರಿಂದ ಎಣ್ಣೆಯೆಲ್ಲ ಬಾಲದ ಕಡೆ ಬಂದು ಕಾದು ನಿಂತಿತ್ತು. ಮೊದಲು ಲೋಕೇಶನ ಎದೆಗೆ ಅಭಿಷೇಕವಾಯಿತು. ಆಮೇಲೆ ಇಳಿಜಾರಿನಲ್ಲಿ ಗೇಟಿನ ಕಡೆ ಹರಿಯಿತು. ಅಲ್ಲಿ ಭಾಗ್ಯ ಸೀಮಂತಕ್ಕೆಂದು ಸಂಡಿಗೆ ಇಟ್ಟು ಒಣಗಿಸುತ್ತಿದ್ದಳು.

ಅವಳು ಸಂಡಿಗೆಯ ಪಂಚೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿ, ಬಿಸಿಲಿದ್ದ ಕಾರಿನ ಎಡಗಡೆಗೆ ತಂದಳು. ಅಲ್ಲಿ ಚಕ್ರ ಬಿದ್ದಿತ್ತು. ಕಾಲಿನಿಂದ ಅದನ್ನು ಕಾರಿನ ಕೆಳಕ್ಕೆ ತಳ್ಳಿದಳು. ಒಂದನ್ನು ತಳ್ಳಿ ಇನ್ನೊಂದನ್ನು ಬಿಡುವ ಪೈಕಿ ಅಲ್ಲ ಅವಳು. ಬಲಗಡೆಗೆ ಬಂದು ಅದನ್ನೂ ಒಳಕ್ಕೆ ತಳ್ಳಿದಳು. "ಅಂಗಳ ಅಂದ್ರೆ ಗ್ಯಾರೇಜು ಅಂದ್ಕೊಂಡಿದ್ದೀರಾ?" ಎಂದು ಸಂಡಿಗೆ ಹರಡಲು ಹೋದಳು.

ಹೆಡ್ಡರ್ ಇದ್ದದ್ದು ಎಂಜಿನ್ನಿನ ಎಡಗಡೆ. ಹಾಗಾಗಿ ಲೋಕೇಶ ಮಲಗಿದ್ದೂ ಎಡಗಡೆ. ಸೀಬೆ ಮರದ ನೆರಳು ಬಿದ್ದಿದ್ದದ್ದು ಬಲಗಡೆ. ಹಾಗಾಗಿ ನಾನು ಇದ್ದದ್ದು ಬಲಗಡೆ. ಬೆಳಿಗ್ಗೆಯಿಂದ ನಿಂತು ನಿಂತು ಮಂಡಿ ನೋಯುತ್ತಿತ್ತು. ಒಳಗೆ ಹೋಗಿ ಕುರ್ಚಿ ತರೋಣವೆಂದರೆ ಭಾಗ್ಯಳ ಎದುರು ಹಾದು ಹೋಗಬೇಕು. ಬಗ್ಗಿ, ಬಲಗಡೆಯ ಚಕ್ರವನ್ನು ಈಚೆಗೆ ಎಳೆದು, ನೆರಳಿಗೆ ಹಾಕಿ, ಅದರ ಮೇಲೆ ಕೂತೆ.

"ಅದನ್ನ ಅಲ್ಲೇ ಬಿಡ್ರೀ" ಎಂದಳು ಭಾಗ್ಯ.

"ಲೋಕೇಶನಿಗೆ ಒಳಗೆ ಜಾಗ ಸಾಲೋದಿಲ್ಲ" ಎಂದೆ. ಇದು ಸುಳ್ಳು. ಅವನು ಆ ಕಡೆ ಇರಲೇ ಇಲ್ಲ.

ಎಂಜಿನ್ನಿಗೆ ಹಿಡಿದ ಬೋಲ್ಟುಗಳೆಲ್ಲ ಬಿಚ್ಚಿದವು. ಗೇರ್‌ಬಾಕ್ಸು ಎರಡು ಬೆರಳಿನಷ್ಟು ಹಿಂದಕ್ಕೆ ಬಂತು. ಆಮೇಲೆ ನಿಂತುಬಿಟ್ಟಿತು. ಹೆಡ್ಡರಿನ ನಾಲ್ಕು ಪೈಪು ಸೇರಿ ಒಂದಾಗುವ ಗಂಟು ಸರಿಯಾಗಿ ಅದರ ಕೆಳಗೇ ಅಡ್ಡ ನಿಂತಿತ್ತು. ನಯಾಜ್ ಹೇಳಿದ್ದು ಇದನ್ನೇ. ಹೆಡ್ಡರಿನ ಎಂಟು ಬೋಲ್ಟಿನಲ್ಲಿ ಆರು ಬಂದವು. ಎರಡು ತುಕ್ಕು ಹಿಡಿದು ಕಚ್ಚಿ ಕೂತಿದ್ದವು. ಲೋಕೇಶ ಸ್ಪ್ಯಾನರಿಗೆ ಒಂದು ಮೊಳದ ಕಬ್ಬಿಣದ ಕೊಳವೆ ಸಿಕ್ಕಿಸಿ ಎಳೆದ. ಬರಲಿಲ್ಲ. ನನ್ನ ಮೊಬೈಲಿನ ಟಾರ್ಚ್ ಕೇಳಿದ. ಬಲಗಡೆಯಿಂದಲೇ ಕೈ ಚಾಚಿ ಅದನ್ನು ಒಳಗೆ ನೆಲದ ಮೇಲೆ ಇಟ್ಟೆ. ಬೆಳಕು ಅಡ್ಡಲಾಗಿ ಅವನ ಮೇಲೆ ಬಿತ್ತು.

"ಬರ್ತಿಲ್ಲ ಭಾವ. ನಯಾಜ್‌ಗೆ ಬಿಡಾನ" ಅಂದ.

ಅವನು ಅಷ್ಟು ಹೇಳಿದ್ದ. ಅಲ್ಲಿಗೆ ನಿಲ್ಲಿಸಬಹುದಿತ್ತು. ದಿನಕ್ಕೊಮ್ಮೆಯಾದರೂ ನಾನು ಆ ಜಾಗಕ್ಕೆ ವಾಪಸ್ಸು ಹೋಗಿ, ಹಾಗಾದರೆ ಬಿಡು, ಈಚೆಗೆ ಬಾ ಎಂದು ಹೇಳಿ ನೋಡುತ್ತೇನೆ. ಆದರೆ ಆವತ್ತು ಹಾಳೆಯಲ್ಲಿ ಒಂಬತ್ತನೆಯ ಅಂಶ ನಡೆಯುತ್ತಿತ್ತು, ಇನ್ನೈದು ಉಳಿದಿದ್ದವು. ಚಕ್ರದ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿಕೊಂಡಿದ್ದ ನಾನು ಹೇಳಿದ್ದು ಬೇರೆ.

"ಎರಡು ಕೈಯಲ್ಲೂ ಹಿಡ್ಕೊಂಡು ಜೋರಾಗಿ ಎಳಿಯೋ."

ಎಳೆದ.

ಮೊದಲು ಕೇಳಿದ್ದು ಸಣ್ಣ ಸದ್ದು. ನನಗೆ ಆ ಸದ್ದು ಚೆನ್ನಾಗಿ ಗೊತ್ತು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಬಳಪ ಒತ್ತಿ ಗೀಚಿದರೆ ಬರುವ ಸದ್ದು. ಎಲ್ಲಿಂದ ಬಂತು ಎಂದು ತಲೆಯೆತ್ತುವುದರೊಳಗೆ ಕಾರು ಹಿಂದಕ್ಕೆ ಸರಿಯಿತು. ಅರ್ಧ ಅಡಿ ಇರಬಹುದು. ಅವಸರವೇ ಇಲ್ಲದೆ ಸರಿಯಿತು. ಕಲ್ಲುಗಳ ಮೇಲಿಂದ ಜಾರಿ ಕೆಳಗೆ ಕೂತಿತು. ನೆಲ ಅದುರಿತು. ಬಿಳಿ ಪುಡಿ ಮೇಲೆದ್ದಿತು.

ಆಮೇಲೆ ಏನೂ ಕೇಳಲಿಲ್ಲ.

ನಾನು ಏನು ಮಾಡಿದೆ ಎಂದು ಬರೆಯಲೇಬೇಕು. ಏನೂ ಮಾಡಲಿಲ್ಲ. ಚಕ್ರದ ಮೇಲೆ ಕೂತೇ ಇದ್ದೆ. ಕೈಯಲ್ಲಿ ಹಾಳೆ ಇತ್ತು. ಕಣ್ಣು ಹತ್ತನೆಯ ಅಂಶದ ಮೇಲಿತ್ತು. ಅದರಲ್ಲಿ ಬರೆದದ್ದು: "ಈಗ ಗೇರ್‌ಬಾಕ್ಸ್ ಸುಲಭವಾಗಿ ಕೆಳಗೆ ಬರುತ್ತದೆ."

ಭಾಗ್ಯ ಸಂಡಿಗೆ ತುಳಿದುಕೊಂಡು ಓಡಿ ಬಂದು ನೆಲಕ್ಕೆ ಬಿದ್ದು ಕಾರಿನ ಕೆಳಗೆ ಮುಖವಿಟ್ಟಳು. "ಲೋಕಿ" ಎಂದಳು. ಸಣ್ಣವನಿದ್ದಾಗ ಅವನನ್ನು ಊಟಕ್ಕೆ ಕರೆಯುತ್ತಿದ್ದದ್ದು ಹಾಗೇ ಅಂತೆ. ಇನ್ನೊಂದು ಸಲ "ಲೋಕಿ" ಎಂದಳು.

ಕೆಳಗಿನಿಂದ ದನಿ ಬಂತು.

"ಭಾವ... ಇದೂ ಚೀಟೀಲಿತ್ತಾ?"

ನಾನು ಆಗ ಎದ್ದೆ. ಜಾಕಿ ಎಲ್ಲಿ ಎಂದು ಭಾಗ್ಯ ಕೇಳಿದಳು. ಒರೆಸಿ ಡಿಕ್ಕಿಯಲ್ಲಿಟ್ಟಿದ್ದೇನೆ ಎಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನ್ನಲ್ಲಿ ಭಾಷೆಯಿಲ್ಲ. ಅಷ್ಟರಲ್ಲಿ ಸದ್ದು ಕೇಳಿ ಆಚಾರ್ರು ಹಾರೆ ಹಿಡಿದು ಬಂದರು, ಅವರ ಕೊಟ್ಟಿಗೆಯ ಇಬ್ಬರು ಬಂದರು. ಮೊದಲ ಕೆಲಸವಾಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಹಾರೆ ಹಾಕಿ ಜಾಕಿ ಕೊಟ್ಟು ಅಂಗುಲ ಅಂಗುಲವಾಗಿ ಕಾರನ್ನು ಎತ್ತಿದರು. ಎತ್ತಿದಷ್ಟಕ್ಕೂ ಕೆಳಗೆ ಏನಾದರೂ ಇಡಬೇಕಲ್ಲ, ಭಾಗ್ಯ ನನ್ನ ಆಸನವನ್ನು ಉರುಳಿಸಿಕೊಂಡು ಹೋಗಿ ಬಲಗಡೆಗೆ ತಳ್ಳಿದಳು. ಕಾಲು ಹಿಡಿದು ಲೋಕೇಶನನ್ನು ಈಚೆಗೆ ಎಳೆದರು. ಕಿವಿ ತರಚಿತ್ತು, ಒಂದು ಭುಜ ಊದಿತ್ತು. ಮೈಯೆಲ್ಲ ಎಣ್ಣೆ, ಎಣ್ಣೆಯ ಮೇಲೆ ಬಿಳಿ ಪುಡಿ. ಆಚಾರ್ರು ಆಗಷ್ಟೇ ಕಡೆದು ಮುಗಿಸಿದ ವಿಗ್ರಹದ ಹಾಗಿದ್ದ. ಉಸಿರಾಡುತ್ತಿದ್ದ. ಭಾಗ್ಯ ಅವನ ಬೆನ್ನಿಗೆ ಎರಡು ಗುದ್ದು ಹಾಕಿ ಅಳಲು ಶುರು ಮಾಡಿದಳು.

ಎಲ್ಲರೂ ಒಳಗೆ ಹೋದ ಮೇಲೆ ನಾನು ಒಬ್ಬನೇ ಬಗ್ಗಿ ನೋಡಿದೆ. ಎಡಗಡೆ ಕಾರು ಬಿದ್ದದ್ದು ಭಾಗ್ಯ ಕಾಲಿನಿಂದ ತಳ್ಳಿದ ಚಕ್ರದ ಮೇಲೆ. ಹಾಗಾಗಿ ಲೋಕೇಶನ ಎದೆಯ ಮೇಲೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅರ್ಧ ಬಿಚ್ಚಿದ ಗೇರ್‌ಬಾಕ್ಸು ಅವನ ಹೊಟ್ಟೆಯ ಮೇಲೆ ಬೀಳದೆ ನಿಂತದ್ದು ಆ ಹೆಡ್ಡರ್ ಪೈಪು ಕೆಳಗೆ ಅಡ್ಡ ಇದ್ದುದರಿಂದ. ಬೆಳಿಗ್ಗೆಯಿಂದ ನಾನು ಬೈದ ಪೈಪು. ಕಾರು ಬಿದ್ದಾಗ ಬಲಗಡೆ ಏನೂ ಇರಲಿಲ್ಲ. ಅಲ್ಲಿ ಇಟ್ಟಿದ್ದ ನನ್ನ ಮೊಬೈಲು ಸಿಕ್ಕಿತು. ಏಳೂ ವೀಡಿಯೊ ಸಮೇತ ಹಪ್ಪಳವಾಗಿತ್ತು.

ನೆರಳು ಬಲಗಡೆ ಇತ್ತು. ಅಷ್ಟೇ. ಮಧ್ಯಾಹ್ನ ಎರಡರ ಮೇಲೆ ನಮ್ಮ ಅಂಗಳದಲ್ಲಿ ನೆರಳು ಎಡಗಡೆ ಬರುತ್ತದೆ, ಆಚಾರ್ರ ಮನೆಯ ಗೋಡೆಯದು. ಕೆಲಸ ಊಟದ ನಂತರ ಶುರುವಾಗಿದ್ದರೆ ನಾನು ಆ ಕಡೆ ಕೂರುತ್ತಿದ್ದೆ. ಆ ಕಡೆಯ ಚಕ್ರ ಎಳೆದುಕೊಳ್ಳುತ್ತಿದ್ದೆ. ಈಗಲೂ ಎಷ್ಟೋ ದಿನ ಎರಡು ಗಂಟೆಗೆ ಅಂಗಳಕ್ಕೆ ಬಂದು ಆ ನೆರಳನ್ನು ನೋಡಿ ಒಳಗೆ ಹೋಗುತ್ತೇನೆ.

ಬುಧವಾರ ನಯಾಜ್ ಕಾರನ್ನು ಎಳೆದುಕೊಂಡು ಹೋದ. ಆ ಎರಡು ಬೋಲ್ಟನ್ನು ಕಾಯಿಸಿ ಬಿಚ್ಚಲು ಅವನಿಗೆ ಹಿಡಿದದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಶುಕ್ರವಾರ ಕೊಡುತ್ತೇನೆ ಎಂದವನು ಗುರುವಾರ ಸಂಜೆಯೇ ತಂದು ನಿಲ್ಲಿಸಿದ. ಬಳಪದ ಕಲ್ಲಿನ ಮೇಲೆ ಬಿದ್ದಿದ್ದ ಗೀರನ್ನು ಬೆರಳಿನಿಂದ ಸವರಿ ನೋಡಿ ಹೋದ. ಬೈದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ.

ನಿಜವಾದ ಕಷ್ಟ ಬಂದದ್ದು ಸೀಮಂತದ ದಿನ. ನೆಂಟರೆಲ್ಲ ಸಾಲಾಗಿ ಎಲೆಯ ಮುಂದೆ ಕೂತಿದ್ದರು. ಹಸಿರು ಬಳೆ ತೊಟ್ಟು ಕೂತಿದ್ದ ಕಾವ್ಯಳ ಪಕ್ಕದಲ್ಲಿ ಲೋಕೇಶ, ಎದುರಿಗೆ ನಾನು. ಕಾವ್ಯಳ ದೊಡ್ಡಪ್ಪ ಲೋಕೇಶನ ಕಿವಿಯ ಗಾಯ ನೋಡಿ ಏನಾಯಿತು ಎಂದು ಕೇಳಿದರು. ಲೋಕೇಶ ಹೇಳಿದ. ಹೇಳಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಮಾತು ಸೇರಿಸಿದ.

"ನಮ್ ಭಾವ ಇಲ್ದಿದ್ರೆ ನಾನಿಲ್ಲ. ಕೆಳಗಿಂದ ನಾನೇ ನೋಡಿದ್ನಲ್ಲ, ಬಗ್ಗಿ ಚಕ್ರಾನ ಸರಿಮಾಡಿ ಇಡ್ತಾ ಇದ್ರು. ಅದೇ ಚಕ್ರ ಉಳಿಸ್ತು."

ಅವನು ನೋಡಿದ್ದು ನನ್ನ ಕೈಗಳನ್ನು. ಆ ಕೈಗಳು ಚಕ್ರವನ್ನು ಇಡುತ್ತಿರಲಿಲ್ಲ, ಎಳೆದುಕೊಳ್ಳುತ್ತಿದ್ದವು. ದೊಡ್ಡಪ್ಪ ತಲೆದೂಗಿ, ಓದಿದವರ ಮುಂದಾಲೋಚನೆಯೇ ಬೇರೆ ಎಂದರು. ಸಾಲಿನ ಆ ತುದಿಯವರೂ ನನ್ನತ್ತ ನೋಡಿದರು. ಕಾವ್ಯ ಕೂತಲ್ಲಿಂದಲೇ ಕೈ ಮುಗಿದಳು.

ಭಾಗ್ಯ ಸಂಡಿಗೆ ಬಡಿಸುತ್ತ ಬರುತ್ತಿದ್ದಳು. ತುಳಿದು ಉಳಿದ ಸಂಡಿಗೆ, ಎಲೆಗೆ ಎರಡೆರಡು. ನನ್ನ ಎಲೆಯ ಮುಂದೆ ನಿಂತು, ಬಡಿಸದೆ, ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಅಂದಳು.

"ಹೇಳ್ತೀರೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಚಕ್ರ ಒಳಗೆ ತಳ್ಳಿದವಳು ಇವಳು, ಸಂಡಿಗೆಗೆ ಜಾಗ ಮಾಡಲು. ಒಂದನ್ನು ಈಚೆಗೆ ತೆಗೆದವನು ನಾನು. ಜೋರಾಗಿ ಎಳೆ ಎಂದವನೂ ನಾನು. ಲೋಕೇಶ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟ.

"ಯಾಕೆ ತೆಗೆದ್ರಿ ಭಾವ?"

"ಕೂತ್ಕೊಳ್ಳೋಕೆ ಕಣೋ. ಮಂಡಿ ನೋಯ್ತಿತ್ತು."

ಅವನು ನನ್ನ ಮಂಡಿಯನ್ನು ನೋಡಿದ. ಮಾತಾಡಿದವಳು ಕಾವ್ಯ. ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಅದು ಇಷ್ಟು ದಿನ ಉಳಿದದ್ದು.

"ಅಣ್ಣ, ಇನ್ಮೇಲೆ ನಮ್ಮನೆಗೆ ಬಂದ್ರೆ ನೀವು ನಿಂತೇ ಇರಿ."

ಮೊದಲು ನಕ್ಕವನು ಲೋಕೇಶ. ಭುಜ ನೋವಾಗುವಷ್ಟು ನಕ್ಕ. ಭಾಗ್ಯ ನನ್ನ ಎಲೆಗೆ ಸಂಡಿಗೆ ಹಾಕಿದಳು. ಒಂದೇ ಒಂದು.

ಒಂದೂವರೆ ತಿಂಗಳ ಮೇಲೆ ಅರೇಹಳ್ಳಿಗೆ ಮಗು ನೋಡಲು ಹೋದೆವು. ಹೆಣ್ಣು ಮಗು, ಲೋಕೇಶನದೇ ಮೂಗು. ಎಲ್ಲರೂ ಕೂತರು. ನಾನು ನಿಂತೇ ಇದ್ದೆ. ಕಾಫಿ ಬಂತು, ನಿಂತೇ ಕುಡಿದೆ. ಮಗುವನ್ನು ಎತ್ತಿಕೊಳ್ಳಿ ಎಂದು ಕಾವ್ಯ ಮುಂದೆ ಬಂದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಪರವಾಗಿಲ್ಲ ಅಣ್ಣ, ಕೂತ್ಕೊಳ್ಳಿ" ಎಂದು ಕಾಲಿನಿಂದ ಒಂದು ಕುರ್ಚಿಯನ್ನು ನನ್ನತ್ತ ಸರಿಸಿದಳು.

ನಾನು ಬಗ್ಗಿ ಕುರ್ಚಿಯ ಕೆಳಗೆ ನೋಡಿದೆ. ಏನೂ ಇರಲಿಲ್ಲ. ಇನ್ನೊಂದು ಸಲ ನೋಡಿದೆ. ಆಮೇಲೆ ಕೂತೆ.